ಹನಿ ಬಿದ್ದ ಜಾಗ, ಸೋರಿದ ಜಾಗ: ಒಂದು ಆಯಿಲ್ ಸೋರಿಕೆಯ ಪ್ರಕರಣ ಅಧ್ಯಯನ

ಕಾರಿನ ಮಾಲೀಕರು ಬಂದಾಗ ಅವರ ಕೈಯಲ್ಲಿ ಮಡಚಿದ ಒಂದು ರಟ್ಟು ಇತ್ತು. ಹನ್ನೊಂದು ರಾತ್ರಿ ಅದನ್ನು ಎಂಜಿನ್ನಿನ ಕೆಳಗೆ ಹಾಸಿದ್ದರು. ಪ್ರತಿ ಬೆಳಿಗ್ಗೆ ಹೊಸ ಕಲೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಖನ್ನೂ ಹಿಂದಿನ ದಿನ ಎಷ್ಟು ದೂರ, ಎಂಥ ರಸ್ತೆಯಲ್ಲಿ ಓಡಿಸಿದ್ದು ಎಂಬುದನ್ನೂ ಬರೆದಿದ್ದರು. ಮುಂದಿನ ಎರಡು ಚಕ್ರ ಎಲ್ಲಿ ಬರುತ್ತವೆ ಎಂಬ ಗುರುತೂ ಇತ್ತು. ಇಷ್ಟು ವರ್ಷದ ಕೆಲಸದಲ್ಲಿ ಇಂಥ ಅಚ್ಚುಕಟ್ಟಾದ ದಾಖಲೆ ತಂದ ಗಿರಾಕಿಯನ್ನು ನಾನು ಕಂಡಿರಲಿಲ್ಲ. ಉತ್ತರದ ಅರ್ಧ ಭಾಗ ಆ ರಟ್ಟಿನ ಮೇಲೆಯೇ ಇತ್ತು. ನಾನು ಅದನ್ನು ಸರಿಯಾಗಿ ಓದಿದ್ದು ಮಾತ್ರ ಒಂದೂವರೆ ತಿಂಗಳ ನಂತರ.

ಮಾಲೀಕರ ಗುರುತು, ಕಾರಿನ ತಯಾರಕರ ಹೆಸರು, ಮೊದಲು ಕೈಹಾಕಿದ ಗ್ಯಾರೇಜುಗಳ ವಿವರ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ತಿಳಿಯಬೇಕಾದದ್ದು ಇಷ್ಟೇ: 11 ವರ್ಷ ಹಳೆಯ, 1,18,000 ಕಿ.ಮೀ. ಓಡಿದ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎಂಜಿನ್ ಅಡ್ಡಡ್ಡವಾಗಿ ಕೂತಿದೆ, ಒಂದು ತುದಿಗೆ ಗೇರ್‌ಬಾಕ್ಸ್, ಇನ್ನೊಂದು ತುದಿಗೆ ಟೈಮಿಂಗ್ ಬೆಲ್ಟ್. ದಿನನಿತ್ಯದ ಓಡಾಟ ಕಚೇರಿಗೆ ನಾಲ್ಕು ಕಿ.ಮೀ. ಹೋಗಿ, ನಾಲ್ಕು ಕಿ.ಮೀ. ಬರುವುದು. ಈ ಕೊನೆಯ ವಿವರವನ್ನು ನೆನಪಿನಲ್ಲಿಡಿ.

ಅದಕ್ಕೆ ಮೊದಲು ಆದದ್ದು

ಕಲೆ ಕಾಣಿಸಿಕೊಂಡು ಆಗ ಸುಮಾರು ಏಳು ತಿಂಗಳಾಗಿತ್ತು. ಮೊದಲ ಗ್ಯಾರೇಜಿನಲ್ಲಿ ಡ್ರೈನ್ ಬೋಲ್ಟಿನ ವಾಷರ್ ಬದಲಿಸಿದ್ದರು. ಸೋರಿಕೆ ನಿಲ್ಲಲಿಲ್ಲ. ಮತ್ತೆ ಅಲ್ಲಿಯೇ ಚೇಂಬರ್, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿ, ಇಳಿಸಿ ಅದರ ಪ್ಯಾಕಿಂಗ್ (ಎರಡು ಭಾಗ ಕೂಡುವಲ್ಲಿ ಸೋರದಂತೆ ಇಡುವ ಪಟ್ಟಿ) ಹೊಸದು ಹಾಕಿದರು. ಒಂದು ವಾರ ನೆಲ ಒಣಗಿತ್ತು, ಆಮೇಲೆ ಮತ್ತೆ ಅದೇ ಹನಿ. ಆ ಒಂದು ವಾರ ಏಕೆ ಒಣಗಿತ್ತು ಎಂಬುದಕ್ಕೆ ನನ್ನ ಊಹೆ ಸರಳ: ಚೇಂಬರ್ ಇಳಿಸುವಾಗ ಸುತ್ತಮುತ್ತಲಿನ ಜಿಡ್ಡನ್ನು ಒರೆಸಿರುತ್ತಾರೆ. ಮೇಲಿನಿಂದ ಇಳಿದು ಬರುವ ಎಣ್ಣೆಗೆ ಒರೆಸಿದ ಮೈಯನ್ನೆಲ್ಲ ನೆನೆಸಿ ಮತ್ತೆ ಹನಿಯಾಗಲು ವಾರ ಬೇಕಾಯಿತು. ರಿಪೇರಿ ಫಲಿಸಿತೆಂದು ಕಂಡದ್ದು ಬರೀ ಬಟ್ಟೆಯ ಕೆಲಸ.

ಎರಡನೆಯ ಗ್ಯಾರೇಜಿನವರು ಬೇರೆ ಮಾತು ಹೇಳಿದರು: ಹಿಂದಿನ ಕ್ರ್ಯಾಂಕ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು. ಹನಿ ಬೀಳುತ್ತಿದ್ದದ್ದು ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಬೆಲ್ ಹೌಸಿಂಗಿನ ತಳದಿಂದ. ಅಲ್ಲಿಂದ ಎಂಜಿನ್ ಆಯಿಲ್ ತೊಟ್ಟಿಕ್ಕಿದರೆ ಯಾವ ಮೆಕ್ಯಾನಿಕ್‌ಗಾದರೂ ಮೊದಲು ನೆನಪಾಗುವುದು ಅದೇ ಸೀಲ್. ಅವರ ಮಾತನ್ನು ಮೂರ್ಖತನ ಎನ್ನಲಾರೆ. ಆದರೆ ಆ ಸೀಲ್ ಎಂಜಿನ್ನಿನ ತಿರುಗುವ ಶಾಫ್ಟ್ (ಕ್ರ್ಯಾಂಕ್) ಹೊರಬರುವಲ್ಲಿ ಎಣ್ಣೆ ತಡೆಯುವ ಒಂದು ರಬ್ಬರ್ ಬಳೆ, ಅದನ್ನು ಮುಟ್ಟಲು ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಮೂರನ್ನೂ ಕಳಚಬೇಕು. ಕೆಲಸ ದೊಡ್ಡದಾದಷ್ಟೂ ಅದಕ್ಕೆ ಕೈಹಾಕುವ ಮುನ್ನ ಬೇಕಾದ ಪುರಾವೆಯೂ ದೊಡ್ಡದಿರಬೇಕು. ಇಲ್ಲಿ ಪುರಾವೆ ಎಂದರೆ ಹನಿ ಬಿದ್ದ ಜಾಗ ಮಾತ್ರ. ಮಾಲೀಕರಿಗೆ ಅದು ಸಾಲದೆನ್ನಿಸಿ ನಮ್ಮಲ್ಲಿಗೆ ಬಂದಿದ್ದರು.

ಯಾವ ಎಣ್ಣೆ?

ಸೋರುವ ದ್ರವ ಯಾವುದೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಈ ಹೆಜ್ಜೆ ಎರಡು ನಿಮಿಷದ್ದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಹನಿಯನ್ನು ಬಿಳಿ ಕಾಗದಕ್ಕೆ ಹಿಡಿದೆ. ಕಂದುಗಪ್ಪು, ತೆಳು, ಸುಟ್ಟ ವಾಸನೆ. ಬೆಲ್ ಹೌಸಿಂಗಿನಿಂದ ಗೇರ್ ಆಯಿಲ್ ಕೂಡ ಇಳಿಯಬಹುದು, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್‌ಗೂ ಅಲ್ಲೊಂದು ಸೀಲ್ ಇರುತ್ತದೆ. ಗೇರ್ ಆಯಿಲ್ ಮಂದವಾಗಿರುತ್ತದೆ, ಗಂಧಕದ ಘಾಟು ಮೂಗಿಗೆ ಹೊಡೆಯುತ್ತದೆ. ಇದರಲ್ಲಿ ಆ ಘಾಟು ಇರಲಿಲ್ಲ. ಡಿಪ್‌ಸ್ಟಿಕ್ ಕೂಡ ಅದನ್ನೇ ಹೇಳಿತು: ಸಾವಿರ ಕಿ.ಮೀ.ಗೆ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ನಡುವಿನ ಅಂತರದಲ್ಲಿ ಕಾಲು ಭಾಗ ಇಳಿಯುತ್ತಿತ್ತು. ಎರಡು ಗುರುತುಗಳ ನಡುವೆ ಸಾಮಾನ್ಯವಾಗಿ ಒಂದು ಲೀಟರ್ ಎಂದರೆ, ಹೋಗುತ್ತಿದ್ದದ್ದು ಸುಮಾರು ಕಾಲು ಲೀಟರ್.

ರಟ್ಟನ್ನೂ ನೋಡಿದೆ. ಒಂಬತ್ತು ಕಲೆ ನಾಣ್ಯದಗಲ, ಎರಡು ಅಂಗೈಯಗಲ. ದೊಡ್ಡವೆರಡರ ಪಕ್ಕದಲ್ಲಿ 70 ಕಿ.ಮೀ., 210 ಕಿ.ಮೀ. ಎಂದಿತ್ತು. ಹೆಚ್ಚು ಓಡಿದ್ದರಿಂದ ಹೆಚ್ಚು ಸೋರಿದೆ ಎಂದುಕೊಂಡು ರಟ್ಟನ್ನು ಬೆಂಚಿನ ಮೇಲಿಟ್ಟೆ.

ತೊಳೆದು ನೋಡುವುದು, ಮತ್ತು ನನ್ನ ಒಂದು ಅವಾಂತರ

ಕಾರನ್ನು ಜ್ಯಾಕಿನಲ್ಲಿ ಎತ್ತಿ, ಸ್ಟ್ಯಾಂಡುಗಳ ಮೇಲೆ ಕೂರಿಸಿ ಕೆಳಗೆ ಹೋದರೆ ಎಂಜಿನ್ನಿನ ಕೆಳಭಾಗವೆಲ್ಲ ಒಂದೇ ಕಪ್ಪು. ಏಳು ತಿಂಗಳ ಎಣ್ಣೆಗೆ ಏಳು ತಿಂಗಳ ಧೂಳು ಮೆತ್ತಿಕೊಂಡಿತ್ತು. ಇಂಥ ಮೈ ನೋಡಿ ಮೂಲ ಹೇಳುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಸೋರಿದ ಎಣ್ಣೆ ತನ್ನ ತೂಕಕ್ಕೆ ಕೆಳಗಿಳಿಯುತ್ತದೆ, ಕಾರು ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ, ದಾರಿಯಲ್ಲಿ ಸಿಕ್ಕ ಅಂಚು, ಬೋಲ್ಟಿನ ತಲೆಗಳ ಗುಂಟ ಹರಿದು ಎಲ್ಲೋ ಒಂದು ತಗ್ಗಿನಲ್ಲಿ ಹನಿಯಾಗುತ್ತದೆ. ಆದ್ದರಿಂದ ಹುಡುಕಬೇಕಾದದ್ದು ಒದ್ದೆಯಾದ ಭಾಗಗಳಲ್ಲೆಲ್ಲ ಅತಿ ಎತ್ತರದಲ್ಲಿ, ಅತಿ ಮುಂದೆ ಇರುವುದನ್ನು.

ತಣ್ಣಗಿನ ಎಂಜಿನ್ನಿಗೆ ಡೀಗ್ರೀಸರ್ ಹೊಡೆದು, ಬ್ರಷ್ ಆಡಿಸಿ, ಆಲ್ಟರ್ನೇಟರ್ ಮತ್ತು ಇಗ್ನಿಷನ್ ಕಾಯಿಲ್‌ಗಳಿಗೆ ಪ್ಲಾಸ್ಟಿಕ್ ಸುತ್ತಿ, ಕಡಿಮೆ ಒತ್ತಡದ ನೀರಿನಿಂದ ತೊಳೆದು ಒಣಗಿಸಿದೆವು. ಅರ್ಧ ದಿನ ಹಿಡಿಯಿತು. ಆಮೇಲೆ ಆಯಿಲ್‌ಗೆ ಹೊಳೆಯುವ ಬಣ್ಣ ಬೆರೆಸುವುದೆಂದು ತೀರ್ಮಾನಿಸಿದೆ. ಈ ಬಣ್ಣ ಎಣ್ಣೆಯಲ್ಲಿ ಕರಗಿ ಎಂಜಿನ್ನಿನೊಳಗೆಲ್ಲ ಸುತ್ತುತ್ತದೆ. ನೇರಳಾತೀತ ದೀಪ ಹಿಡಿದರೆ ಸೋರಿದ ಕಡೆ ಹಸಿರುಹಳದಿಯಾಗಿ ಹೊಳೆಯುತ್ತದೆ. 30 ಮಿ.ಲೀ. ಸಾಕು. ಸಣ್ಣ ಶೀಶೆಯ ಮುಚ್ಚಳ ತಿರುವಿ, ಆಯಿಲ್ ತುಂಬುವ ಬಾಯಿಗೆ ನೇರವಾಗಿ ಸುರಿದೆ.

ಎರಡು ದಿನ ಓಡಿಸಿಕೊಂಡು ಬರುವಂತೆ ಮಾಲೀಕರಿಗೆ ಹೇಳಿದೆ. ಅವರು ಬಂದ ಮೇಲೆ ದೀಪ ಹಾಕಿದರೆ ಎಂಜಿನ್ನಿನ ನೆತ್ತಿಯಿಂದ ಮುಂಭಾಗದ ಗುಂಟ ಚೇಂಬರಿನವರೆಗೂ ಹಸಿರು ಧಾರೆ. ಒಂದು ಕ್ಷಣ ಹಿಗ್ಗಿದೆ. ಆಮೇಲೆ ನೋಡಿದರೆ ಧಾರೆ ಶುರುವಾದದ್ದು ಆಯಿಲ್ ತುಂಬುವ ಬಾಯಿಯಿಂದಲೇ. ಸುರಿಯುವಾಗ ಶೀಶೆಯ ಕುತ್ತಿಗೆಯಿಂದ ಒಂದಿಷ್ಟು ಹೊರಗೆ ಚೆಲ್ಲಿತ್ತು, ನಾನು ಅದನ್ನು ಗಮನಿಸಿರಲಿಲ್ಲ. ಮಾಮೂಲಿ ಬೆಳಕಿನಲ್ಲಿ ತೆಳುವಾಗಿ ಹರಡಿದರೆ ಸುಲಭವಾಗಿ ಕಣ್ಣಿಗೆ ಬೀಳದ ಬಣ್ಣ ಅದು. ಮತ್ತೆ ತೊಳೆದೆವು. ಒಂದು ದಿನ ಹಾಳಾಯಿತು. ಈಗ ನಾನು ಬಣ್ಣವನ್ನು ಮೊದಲೇ ಅರ್ಧ ಲೀಟರ್ ಹೊಸ ಆಯಿಲ್‌ನಲ್ಲಿ ಬೆರೆಸಿ ಫನಲ್‌ನಿಂದ ಹಾಕುತ್ತೇನೆ, ಫನಲ್ ತೆಗೆದ ತಕ್ಷಣ ದೀಪ ಹಿಡಿದು ಸುತ್ತ ಒರೆಸುತ್ತೇನೆ.

ಮೂಲೆ

ಎರಡನೆಯ ಸುತ್ತಿನಲ್ಲಿ ಎಂಜಿನ್ನಿನ ಮುಂಭಾಗ ಪೂರ್ತಿ ಕಪ್ಪಾಗಿತ್ತು, ಅಂದರೆ ಒಣಗಿತ್ತು. ಚೇಂಬರಿನ ಪ್ಯಾಕಿಂಗ್, ಫಿಲ್ಟರ್, ಆಯಿಲ್ ಪ್ರೆಷರ್ ಸ್ವಿಚ್ ಎಲ್ಲಿಯೂ ಹೊಳಪಿಲ್ಲ. ಹೊಳೆಯುತ್ತಿದ್ದದ್ದು ಬೆಲ್ ಹೌಸಿಂಗಿನ ತಳ ಮಾತ್ರ. ಎರಡನೆಯ ಗ್ಯಾರೇಜಿನವರು ಹೇಳಿದ್ದೇ ನಿಜವಾಗುವ ಹಾಗೆ ಕಂಡಿತು. ಇಲ್ಲಿಗೇ ನಿಲ್ಲಿಸಿದ್ದರೆ ನಾನೂ ಗೇರ್‌ಬಾಕ್ಸ್ ಇಳಿಸುತ್ತಿದ್ದೆ.

ತಡೆದದ್ದು ಒಂದು ಸಣ್ಣ ತಗಡಿನ ಮುಚ್ಚಳ. ಬೆಲ್ ಹೌಸಿಂಗಿನ ಕೆಳಗೆ ಫ್ಲೈವೀಲ್ ನೋಡಲು ಇರುವ ಆ ಮುಚ್ಚಳ ತೆಗೆದು ದೀಪ ತೂರಿಸಿದೆ. ಹಿಂದಿನ ಸೀಲ್ ಸೋರಿದರೆ ಎಣ್ಣೆ ತಿರುಗುವ ಫ್ಲೈವೀಲಿಗೆ ತಾಗಿ ಒಳಗೋಡೆಗೆಲ್ಲ ಸುತ್ತಲೂ ಎರಚಿರಬೇಕು. ಇಲ್ಲಿ ಫ್ಲೈವೀಲ್ ಒಣಗಿತ್ತು, ಗೋಡೆಯ ಮೇಲೆ ಕ್ಲಚ್ಚಿನ ಬೂದುಪುಡಿ ಹಾಗೆಯೇ ಕೂತಿತ್ತು. ಹೊಳಪು ಇದ್ದದ್ದು ಕೆಳತುಟಿಯಲ್ಲಿ, ಎಂಜಿನ್ನೂ ಹೌಸಿಂಗೂ ಕೂಡುವ ಗೆರೆಯಲ್ಲಿ. ಎಣ್ಣೆ ಒಳಗಿನಿಂದ ಹೊರಗೆ ಬಂದಿರಲಿಲ್ಲ, ಹೊರಮೈಯ ಗುಂಟ ಇಳಿದಿತ್ತು.

ಹಾಗಾದರೆ ಮೇಲೆ ನೋಡಬೇಕು. ಮೇಲೆ ಏರ್ ಫಿಲ್ಟರಿನ ಪೆಟ್ಟಿಗೆ ಆ ತುದಿಯನ್ನು ಪೂರ್ತಿ ಮುಚ್ಚಿಕೊಂಡು ಕೂತಿದೆ. ಅದನ್ನು ಎತ್ತಿದೆವು. ಹಿಡಿಕೆಯ ಕನ್ನಡಿಯನ್ನು ಹಿಂಬದಿಗೆ ಇಳಿಸಿ ದೀಪ ಹಿಡಿದಾಗ ಕಂಡಿತು: ಟ್ಯಾಪೆಟ್ ಕವರಿನ (ಎಂಜಿನ್ನಿನ ನೆತ್ತಿಯ ಮುಚ್ಚಳದ) ಹಿಂದಿನ ಮೂಲೆಯಿಂದ ಹೊರಟ, ಬೆರಳಗಲದ ಹಸಿರು ಪಟ್ಟಿ. ಅದು ಸಿಲಿಂಡರ್ ಹೆಡ್ಡಿನ ಬದಿಯಲ್ಲಿಳಿದು, ಬೆಲ್ ಹೌಸಿಂಗಿನ ಭುಜದ ಮೇಲೆ ಎರಡಾಗಿ ಒಡೆದು, ಕೂಡುಗೆರೆಯೊಳಗೆ ಮಾಯವಾಗುತ್ತಿತ್ತು. ಖಚಿತಕ್ಕಾಗಿ ಆ ಮೂಲೆಯನ್ನು ಒರೆಸಿ, ಪೌಡರ್ ಸ್ಪ್ರೇ ಹೊಡೆದು, ಎಂಜಿನ್ನನ್ನು ಹದಿನೈದು ನಿಮಿಷ ಓಡಿಸಿದೆವು. ಬಿಳಿ ಪುಡಿಯ ಮೇಲೆ ಪ್ಯಾಕಿಂಗಿನ ಅಂಚಿನಲ್ಲೇ ಕಡ್ಡಿಗೀರಿನಷ್ಟು ತೆಳುವಾದ ಕಪ್ಪುಗೆರೆ ಮೂಡಿತು.

ಈ ಎಂಜಿನ್ನಿನಲ್ಲಿ ಗಾಳಿ ಅಳೆಯುವ ಸೆನ್ಸರ್ ಪೆಟ್ಟಿಗೆಯಲ್ಲಿಲ್ಲದ ಕಾರಣ ಪೆಟ್ಟಿಗೆ ತೆಗೆದಿಟ್ಟೂ ಓಡಿಸಬಹುದು. ಆಗ ಇದು ಅನುಕೂಲವೆಂದುಕೊಂಡೆ.

ಕವರ್ ಬಿಚ್ಚಿದಾಗ ಹಳೆಯ ಪ್ಯಾಕಿಂಗ್ ಬಗ್ಗದೆ ಒಣಕಡ್ಡಿಯಂತೆ ಪಟಕ್ಕನೆ ಮುರಿಯಿತು. 11 ವರ್ಷದ ಬಿಸಿಗೆ ರಬ್ಬರ್ ಹಾಗಾಗುವುದು ಸಹಜ. ಹೊಸದನ್ನು ಕೂರಿಸಿ, ಕೈಪಿಡಿ ಹೇಳಿದ ಮೂಲೆಗಳಿಗಷ್ಟೇ ಸಿಲಿಕೋನ್ ಇಟ್ಟು, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ 10 ನ್ಯೂಟನ್ ಮೀಟರ್ ಬಿಗಿದೆವು. ಇದು ಬಹಳ ಕಡಿಮೆ ಬಿಗಿ, ಕೈ ಅಭ್ಯಾಸದಲ್ಲಿ ತಿರುವಿದರೆ ಯಾರಾದರೂ ಇದನ್ನು ಮೀರುತ್ತಾರೆ. ಮೀರಿದರೆ ಪ್ಯಾಕಿಂಗ್ ಹೊರಕ್ಕೆ ಹಿಚುಕುತ್ತದೆ.

ಒಳಗಿನ ಒತ್ತಡವನ್ನೂ ನೋಡೋಣವೆಂದು ಆಯಿಲ್ ತುಂಬುವ ಬಾಯಿಗೆ ತೆಳು ರಬ್ಬರಿನ ಕೈಗವಸು ಸಿಕ್ಕಿಸಿ ಎಂಜಿನ್ ಚಾಲೂ ಮಾಡಿದೆ. ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುವ ಅನಿಲ ಎಂಜಿನ್ನಿನೊಳಗೆ ಸೇರುತ್ತಲೇ ಇರುತ್ತದೆ. ಅದನ್ನು ಪಿಸಿವಿ ಎಂಬ ಸಣ್ಣ ವಾಲ್ವ್ ಗಾಳಿದಾರಿಗೆ ಸಾಗಿಸುತ್ತದೆ, ಏರ್ ಫಿಲ್ಟರಿನ ಪೆಟ್ಟಿಗೆಯಿಂದ ಬರುವ ಬ್ರೀದರ್ ಪೈಪ್ ಸಾಮಾನ್ಯವಾಗಿ ಅದರ ಜಾಗಕ್ಕೆ ಹೊಸ ಗಾಳಿ ತರುತ್ತದೆ. ದಾರಿ ಕಟ್ಟಿದರೆ ಒತ್ತಡ ಏರಿ, ಎಲ್ಲಿ ಸೀಲ್ ದುರ್ಬಲವೋ ಅಲ್ಲಿಂದ ಎಣ್ಣೆಯನ್ನು ತಳ್ಳುತ್ತದೆ. ಗವಸು ಜೋತುಬಿದ್ದೇ ಇತ್ತು. ಒತ್ತಡವಿಲ್ಲ ಎಂದು ಬರೆದುಕೊಂಡೆ. ಸಿಲಿಕೋನ್ ಒಣಗಲು ರಾತ್ರಿಯಿಡೀ ಬಿಟ್ಟು, ಮರುದಿನ ಪೆಟ್ಟಿಗೆ ಕೂರಿಸಿ, ಕಾರು ಕೊಟ್ಟು ಕಳಿಸಿದೆವು.

35ನೆಯ ದಿನ

35ನೆಯ ದಿನ ಕಾರು ಮರಳಿ ಬಂತು. ಮಾಲೀಕರು ಬೈಯಲಿಲ್ಲ, ಹೊಸ ರಟ್ಟು ತಂದಿದ್ದರು. ಅದು ಬೈಗುಳಕ್ಕಿಂತ ಕಷ್ಟ.

ಮೊದಲ ಅನುಮಾನ ನನ್ನ ಕೈಯ ಮೇಲೆಯೇ. ಪ್ಯಾಕಿಂಗ್ ಮಡಚಿಕೊಂಡಿತೇ? ಸಿಲಿಕೋನ್ ಬಿಟ್ಟಿತೇ? ಕೆಳಗೆ ಹೋಗಿ ದೀಪ ಹಾಕಿದರೆ ಬೆಲ್ ಹೌಸಿಂಗ್ ಮತ್ತೆ ಹೊಳೆಯುತ್ತಿದೆ. ಜೊತೆಗೆ ಹೊಸದೊಂದು ಕಂಡಿತು: ಇನ್ನೊಂದು ತುದಿಯಲ್ಲಿ, ಟೈಮಿಂಗ್ ಬೆಲ್ಟಿನ ಕಡೆಯ ಮುಂದಿನ ಕ್ರ್ಯಾಂಕ್ ಸೀಲಿನ ಸುತ್ತ ತೆಳುವಾದ ಹಸಿರು ಉಂಗುರ. ಜಿನುಗು ಅಷ್ಟೇ, ಹನಿಯಿಲ್ಲ. ಮೂಲೆಯ ಪ್ಯಾಕಿಂಗನ್ನು ನಾನು ಕೆಡಿಸಿರಬಹುದು, ಆದರೆ ಮುಟ್ಟದ ಸೀಲ್ ಅದೇ ಹೊತ್ತಿಗೆ ಜಿನುಗತೊಡಗಿದ್ದು ಏಕೆ? ಎರಡು ತುದಿಗೂ ಸಾಮಾನ್ಯವಾದದ್ದು ಒಳಗಿನ ಒತ್ತಡವೊಂದೇ. ಅದನ್ನು ಪರೀಕ್ಷಿಸಿ ಇಲ್ಲವೆಂದು ನಾನೇ ಬರೆದಿದ್ದೆ.

ಮತ್ತೆ ಗವಸು ಹಾಕಿದೆ. ಈ ಸಲ ಪೆಟ್ಟಿಗೆ ತೆಗೆಯುವ ಮೊದಲೇ ಹಾಕಿದ್ದು ಜಾಣತನದಿಂದೇನಲ್ಲ, ಸಹಾಯಕ ಸ್ಕ್ರೂಡ್ರೈವರ್ ಹುಡುಕುತ್ತಿದ್ದ. ಐಡ್ಲಿಂಗಿನಲ್ಲಿ ಗವಸು ನಿಧಾನಕ್ಕೆ ಎದ್ದಿತು. ಎಂಜಿನ್ನನ್ನು ನಿಮಿಷಕ್ಕೆ 2,500 ಸುತ್ತಿಗೆ ಏರಿಸಿದಾಗ ಐದೂ ಬೆರಳು ನೆಟ್ಟಗಾಗಿ, ಬಾನೆಟ್ಟಿನ ಕೆಳಗಿಂದ ಯಾರೋ ಕೈಯೆತ್ತಿ ಹಾಜರಿ ಹೇಳಿದಂತೆ ನಿಂತಿತು. ಸಹಾಯಕ ನಕ್ಕ. ನಾನು ಪೆಟ್ಟಿಗೆಯ ಕ್ಲಿಪ್ ಬಿಚ್ಚಿ ಮೇಲಕ್ಕೆತ್ತಿದೆ. ಗವಸು ಕುಸಿಯಿತು. ಮತ್ತೆ ಒತ್ತಿ ಕೂರಿಸಿದೆ. ಮತ್ತೆ ಎದ್ದಿತು.

ಪೆಟ್ಟಿಗೆ ತಿರುವಿ ನೋಡಿದರೆ ಬ್ರೀದರ್ ಪೈಪ್ ಎಂಜಿನ್ನಿನ ಮೂಲ ಭಾಗವಾಗಿರಲಿಲ್ಲ. ಮೂಲ ಪೈಪಿಗೆ ಅಚ್ಚಿನಲ್ಲೇ ಬಂದ ಒಂದು ಬಾಗು ಇರುತ್ತದೆ. ಇದು ಮಾರಿನ ಲೆಕ್ಕದಲ್ಲಿ ಕತ್ತರಿಸಿ ಹಾಕಿದ ನೇರ ರಬ್ಬರ್ ಪೈಪ್, ಬೇಕಾದದ್ದಕ್ಕಿಂತ ಉದ್ದ. ಪೆಟ್ಟಿಗೆ ಕೂತಾಗ ಅದು ಬ್ರಾಕೆಟ್ಟಿನ ಅಂಚಿಗೆ ಸಿಕ್ಕಿ ಚಪ್ಪಟೆಯಾಗುತ್ತಿತ್ತು, ಎತ್ತಿದಾಗ ಬಿಚ್ಚಿಕೊಳ್ಳುತ್ತಿತ್ತು. ನೋಡಲು ಪೆಟ್ಟಿಗೆ ತೆಗೆಯಲೇಬೇಕು, ತೆಗೆದ ಕ್ಷಣ ದೋಷ ಮಾಯ. ನನ್ನ ಮೊದಲ ಪರೀಕ್ಷೆ ನಡೆದದ್ದು ಪೆಟ್ಟಿಗೆ ಬೆಂಚಿನ ಮೇಲಿದ್ದಾಗ.

ಹಳೆಯ ಬಿಲ್ಲುಗಳಿದ್ದರೆ ತನ್ನಿ ಎಂದೆ. ಅವರು ಎಲ್ಲವನ್ನೂ ಇಟ್ಟಿದ್ದರು, ಅಂಥವರೇ ಅವರು. ಸೋರಿಕೆ ಶುರುವಾಗುವ ಮುನ್ನಿನ ತಿಂಗಳಿನ ಒಂದು ಸರ್ವೀಸ್ ಬಿಲ್ಲಿನಲ್ಲಿ ಏರ್ ಫಿಲ್ಟರ್ ಎಣ್ಣೆ ಹಿಡಿದಿದ್ದರಿಂದ ಬದಲಿಸಲಾಗಿದೆ, ಪೈಪ್ ಬದಲಿಸಲಾಗಿದೆ ಎಂದಿತ್ತು. ಫಿಲ್ಟರಿಗೆ ಎಣ್ಣೆ ಏಕೆ ಹಿಡಿಯಿತು ಎಂದು ಯಾರೂ ಕೇಳಿರಲಿಲ್ಲ. ಪಿಸಿವಿ ವಾಲ್ವನ್ನು ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿದೆ. ಒಳಗಿನ ಬಿಲ್ಲೆ ಕಟಕಟ ಎನ್ನಬೇಕು. ಇದು ಮೌನ. ಒಳಗೆ ಕೆನೆಬಣ್ಣದ ಜಿಡ್ಡು ಗಟ್ಟಿಯಾಗಿ ಕೂತಿತ್ತು.

ಇಲ್ಲಿಗೆ ಸರಪಣಿ ಪೂರ್ತಿಯಾಯಿತು. ದಿನಕ್ಕೆ ನಾಲ್ಕು ಕಿ.ಮೀ.ಯಂತೆ ಎರಡು ಸಲ ಓಡುವ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗೆ ಸೇರಿದ ನೀರಿನಂಶ ಆವಿಯಾಗಿ ಹೊರಹೋಗದೆ ಎಣ್ಣೆಯೊಂದಿಗೆ ಕಲಸಿ ಕೆನೆಯಂಥ ಜಿಡ್ಡಾಗುತ್ತದೆ. ಅದು ವಾಲ್ವನ್ನು ಕಟ್ಟಿತು. ಅನಿಲ ಬ್ರೀದರ್ ಪೈಪಿನಲ್ಲಿ ಹಿಮ್ಮುಖವಾಗಿ ನುಗ್ಗಿ ಎಣ್ಣೆಯ ಹನಿಗಳನ್ನು ಫಿಲ್ಟರಿಗೆ ಒಯ್ದಿತು. ಆಗಿನ್ನೂ ಹೊರದಾರಿಯೊಂದು ತೆರೆದಿತ್ತು, ಸೋರಿಕೆ ಇರಲಿಲ್ಲ. ಫಿಲ್ಟರ್ ಬದಲಿಸಿದವರು ಆ ದಾರಿಯಲ್ಲಿ ಉದ್ದದ ಪೈಪ್ ಇಟ್ಟು, ಅರಿಯದೆ ಅದನ್ನೂ ಮುಚ್ಚಿದರು. ಉಳಿದ ದಾರಿ ಒಂದೇ, ಗಡಸಾದ ಆ ಮೂಲೆ.

ಬೆಂಚಿನ ಕೆಳಗಿನಿಂದ ಹಳೆಯ ರಟ್ಟನ್ನು ತೆಗೆದು ನೋಡಿದೆ. ಅಂಗೈಯಗಲದ ಕಲೆಯೊಂದರ ಪಕ್ಕ ಅವರ ದುಂಡು ಅಕ್ಷರದಲ್ಲಿ ಹೆದ್ದಾರಿ, 70 ಕಿ.ಮೀ. ಎಂದಿತ್ತು. ಅದರ ಮೂರು ದಿನ ಹಿಂದಿನ ನಾಣ್ಯದಗಲದ ಕಲೆಯ ಪಕ್ಕ ಊರೊಳಗೆ, 65 ಕಿ.ಮೀ., ದಿನವಿಡೀ ನಿಧಾನ ಎಂದಿತ್ತು. ಹೆಚ್ಚುಕಡಿಮೆ ಅಷ್ಟೇ ದೂರ, ಕಲೆ ಮಾತ್ರ ಹಲವು ಪಟ್ಟು. ದೂರಕ್ಕೆ ತಕ್ಕಂತೆ ಸೋರಿರಲಿಲ್ಲ, ಎಂಜಿನ್ ಎಷ್ಟು ಜೋರಾಗಿ ದುಡಿಯಿತೋ ಅಷ್ಟು ಸೋರಿತ್ತು. ಹೆಚ್ಚು ಸುತ್ತು, ಹೆಚ್ಚು ಭಾರ ಎಂದರೆ ರಿಂಗು ದಾಟುವ ಅನಿಲವೂ ಹೆಚ್ಚು. ಮೊದಲ ದಿನವೇ ಇದನ್ನು ಓದಿದ್ದರೆ ಗವಸನ್ನು ಪೆಟ್ಟಿಗೆ ಕೂರಿಸಿಯೇ ಪರೀಕ್ಷಿಸುತ್ತಿದ್ದೆ ಎನ್ನಿಸುತ್ತದೆ.

ಮಾಡಿದ್ದು, ಮಾಡದೆ ಬಿಟ್ಟದ್ದು

ಹೊಸ ಪಿಸಿವಿ ವಾಲ್ವ್, ಅಚ್ಚಿನ ಬಾಗಿರುವ ಮೂಲ ಪೈಪ್ ಹಾಕಿದೆವು. ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಹೊಸ ಎಣ್ಣೆಗೂ ಬಣ್ಣ ಬೆರೆಸಿದೆವು, ಈ ಸಲ ಫನಲ್ ಇಟ್ಟು. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಮೂಲೆಯಲ್ಲಿ ಕೂದಲೆಳೆಯಷ್ಟು ಹೊರಕ್ಕೆ ಸರಿದಿತ್ತು, ಅದನ್ನೂ ಹೊಸದಾಗಿ ಕೂರಿಸಿದೆವು. ಪೆಟ್ಟಿಗೆ ಕೂರಿಸಿದ ಮೇಲೆ ಗವಸು ಒಳಕ್ಕೆ ಎಳೆದುಕೊಂಡಿತು, ಹಾಗೆಯೇ ಇರಬೇಕು.

ಮುಂದಿನ ಕ್ರ್ಯಾಂಕ್ ಸೀಲಿನ ಬಗ್ಗೆ ನಮ್ಮಲ್ಲೇ ಚರ್ಚೆಯಾಯಿತು. ಬದಲಿಸಿಬಿಡೋಣ ಎಂದು ಸಹಾಯಕನ ವಾದ. ನಾನು ಒಪ್ಪಲಿಲ್ಲ. ಒತ್ತಡದಿಂದ ಜಿನುಗಿದ ಸೀಲ್ ಒತ್ತಡ ಹೋದ ಮೇಲೆ ತಾನಾಗಿ ನಿಲ್ಲುವುದುಂಟು, ನಿಲ್ಲದಿದ್ದರೆ ಆಗ ನೋಡಬಹುದು. ಒರೆಸಿ ಬಿಟ್ಟೆವು. ಎಣ್ಣೆ ಟೈಮಿಂಗ್ ಬೆಲ್ಟಿಗೆ ತಾಗುವಷ್ಟಿದ್ದಿದ್ದರೆ ಈ ತೀರ್ಮಾನ ಮಾಡುತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಮಾಲೀಕರಿಂದ ಫೋನ್: ‘ರಟ್ಟಿನ ಮೇಲೆ ಮತ್ತೆ ಎರಡು ಹನಿ ಬಿದ್ದಿವೆ.’ ರಟ್ಟನ್ನೇ ತರಲು ಹೇಳಿದೆ. ಕತ್ತಲೆಯ ಮೂಲೆಯಲ್ಲಿ ಹಿಡಿದು ದೀಪ ಹಾಕಿದರೆ ಹನಿಗಳು ಹೊಳೆಯಲಿಲ್ಲ. ಬಣ್ಣ ಬೆರೆಸುವ ಮೊದಲೇ ಸೋರಿ, ಗೇರ್‌ಬಾಕ್ಸಿನ ಮೌಂಟಿಂಗಿನ ಹಿಂದಿನ ಪೊಟರೆಯಲ್ಲಿ ನಿಂತಿದ್ದ ಹಳೆಯ ಎಣ್ಣೆ ಅದು. ತೊಳೆಯುವಾಗ ಬ್ರಷ್ ಅಲ್ಲಿಗೆ ಹೋಗಿರಲಿಲ್ಲ. ಇನ್ನೆರಡು ದಿನ ಬಿದ್ದು ನಿಂತಿತು.

ಆಮೇಲೆ ಆರು ತಿಂಗಳಲ್ಲಿ ಕಾರು 6,400 ಕಿ.ಮೀ. ಓಡಿದೆ. ಡಿಪ್‌ಸ್ಟಿಕ್ ಕಣ್ಣಿಗೆ ಕಾಣುವಷ್ಟು ಇಳಿದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಂತೆ ಓಡಿಸಲು ಅವರಿಗೆ ಹೇಳಿದ್ದೇನೆ. ಮುಂದಿನ ಸೀಲಿನ ಸುತ್ತ ಉಂಗುರ ಮತ್ತೆ ಮೂಡಿಲ್ಲ. ಆದರೂ ಟೈಮಿಂಗ್ ಬೆಲ್ಟ್ ಬದಲಿಸುವಾಗ ಅದನ್ನೂ ಬದಲಿಸಬೇಕೆಂದು ಬಾನೆಟ್ಟಿನ ಒಳಗೆ ಒಂದು ಚೀಟಿ ಅಂಟಿಸಿದ್ದೇವೆ. ಅದರ ಕೆಳಗೆ ಸಹಾಯಕ ತನ್ನ ಕಡೆಯಿಂದ ಒಂದು ಸಾಲು ಸೇರಿಸಿದ್ದಾನೆ: ಗವಸು ಹಾಕುವಾಗ ಪೆಟ್ಟಿಗೆ ತೆಗೆಯಬೇಡಿ.